ನನಗಾಗಿ ನೀವು ಹೊತ್ತ ಹರಕೆಗಳು

ಪ್ರೀತಿಯ ಅತ್ತೆವ್ವಾ,

ಎರಡನೇ ಹೆರಿಗೆಯಲ್ಲಿ ನಾನು ಸತ್ತು ಬದುಕಿದ್ದು ನೆನಪಿದೆಯೇ? ಕೆಲವು ವರ್ಷ ಇನ್ನೊಂದು ಬಸಿರು ಬೇಡವೇ ಬೇಡ ಎಂದಿದ್ದರು ಡಾಕ್ಟರಮ್ಮ. ಮಾತ್ರೆ ನನಗೆ ಆಗಿಬರಲಿಲ್ಲ. ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಂಡರೆ ರಕ್ತ ನಿಲ್ಲಲಿಲ್ಲ. ಆಪರೇಷನ್ನಿಗೆ ಮನಸ್ಸು ಒಪ್ಪಲಿಲ್ಲ. ಆಗ ನರ್ಸಮ್ಮ ಮೈಯ ಗುರುತು ನೋಡಿ ಬಸಿರಾಗುವ ದಿನ ಯಾವುವೆಂದು ತಿಳಿದುಕೊಳ್ಳುವುದನ್ನು ಕಲಿಸಿದರು. ಆ ದಿನಗಳಲ್ಲಿ ಗಂಡ ದೂರ ಇರಬೇಕು, ಅವನು ಒಪ್ಪದಿದ್ದರೆ ಇದೆಲ್ಲ ದಂಡ ಎಂದೂ ಹೇಳಿದರು.

ಅದನ್ನು ನಿಮ್ಮ ಮಗನಿಗೆ ಹೇಳುವುದು ಹೇಗೆ? ನಾನು ಬಾಯಿಬಿಡಲಾರದೆ ಒದ್ದಾಡುತ್ತಿದ್ದಾಗ ದಾರಿ ತೋರಿಸಿದವರು ನೀವು. "ಗಂಡಸ್ರಿಗೆ ಇದೆಲ್ಲ ತಿಳಿಯಂಗಿಲ್ಲವ್ವಾ. ದೇವ್ರು ಹೇಳಿದ್ರ ಕೇಳ್ತಾರ" ಎಂದಿರಿ. ಮಗನ ಹೆಸರಲ್ಲಿ ನೀವು ಹರಕೆ ಹೊತ್ತರೆ, ಅದು ತೀರುವವರೆಗೆ ಅವರು ಹೆಂಡತಿಯ ಹತ್ತಿರ ಹೋಗದೆ ಬೇರೆ ಚಾಪೆಯಲ್ಲಿ ಮಲಗಬೇಕಲ್ಲ! ನಾನು ಕಣ್ಣಲ್ಲೇ ಸೂಚಿಸಿದರೆ ಸಾಕು, ಸಂಜೆಯೊಳಗೆ ನೇಮಕಲ್ಲಿನ ಹನುಮಪ್ಪ ನಿಮ್ಮ ಕನಸಿಗೆ ಬಂದು ಹರಕೆ ಕೇಳಿ ಹೋಗಿರುತ್ತಿದ್ದ. ಪಕ್ಕದ ಮನೆಯ ಶಾಂತಮ್ಮನಂತೂ, "ಏನ್ರೀ, ನಿಮ್ಮ ಮಗ ತಿಪ್ಪೇಸ್ವಾಮಿ ಮಠ ಸೇರ್ತಾನೇನು?" ಎಂದು ಕೇಳಿಯೇಬಿಟ್ಟಳು. ನೀವು ನಗಲೂ ಇಲ್ಲ.

ಆದರೆ ನನ್ನ ಮನಸ್ಸು ಚುಚ್ಚುತ್ತಿತ್ತು. ನನ್ನ ಮೈಯ ಬಗ್ಗೆ ನನ್ನನ್ನು ಕೇಳದೆ ಯಾರೂ ತೀರ್ಮಾನ ಮಾಡಬಾರದು ಎನ್ನುವ ನಾನು, ಗಂಡನನ್ನು ದೇವರ ಹೆದರಿಕೆಯಲ್ಲಿ ಇಟ್ಟುಕೊಂಡರೆ ಅದು ನ್ಯಾಯವೇ? ಒಂದು ಮಧ್ಯಾಹ್ನ ಅವರು ಜೀನ್ಸ್ ಬಟ್ಟೆ ಕತ್ತರಿಸುತ್ತಿದ್ದಾಗ ಎಲ್ಲ ಹೇಳಿಬಿಟ್ಟೆ. ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಿರಿ. ಅವರು ಕತ್ತರಿ ಕೆಳಗಿಟ್ಟು ನಿಮ್ಮನ್ನು ನೋಡಿದರು. "ಅಲ್ಲವ್ವಾ, ಹನುಮಪ್ಪನ್ನ ಯಾಕ ನಡುವ ತಂದಿ? ಇಕಿ ಜೀವ ನನಗ ಬ್ಯಾಡೇನು? ನನಗ ಹೇಳಿದ್ರ ನಾನ ಚಾಪಿ ಹಾಸ್ಕೊಂತಿದ್ದೆ." ನೀವು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿರಿ. ನಕ್ಕಿರೋ, ಅತ್ತಿರೋ...

ಆಮೇಲೆ ನೆಂಟರೆಲ್ಲ ಬಂದು ಎರಡೂ ಹೆಣ್ಣಾದವು, ಗಂಡು ಬೇಡವೇ ಎಂದು ಕೂತಾಗ ನೀವು ಎದ್ದು ನಿಂತ ಪರಿ ಇನ್ನೂ ಕಣ್ಣ ಮುಂದಿದೆ. "ಹಡಿಯಾಕಿ ಅಕಿ. ಅಕಿನ್ನ ಕೇಳ್ರಿ" ಎಂದಿರಿ. ಐದು ಹೆತ್ತು ಎರಡನ್ನು ಉಳಿಸಿಕೊಂಡ ನಿಮ್ಮನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಆಮೇಲೆ ನನ್ನ ತಂಗಿ ತಾನಾಗಿ ಆಪರೇಷನ್ ಮಾಡಿಸಿಕೊಂಡಾಗಲೂ ನೀವು ಕೊಂಕು ನುಡಿಯಲಿಲ್ಲ. ಅವಳ ಮೈ, ಅವಳ ಇಷ್ಟ ಎಂದಿರಿ. ಓದುಬರಹ ಇಲ್ಲದ ನಮ್ಮತ್ತೆ ಹೀಗಿದ್ದರು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ, ಅಷ್ಟು ಹೆಮ್ಮೆ ನನಗೆ.

ಈಗ ನೀವು ತೀರಿಕೊಂಡ ಮೇಲಿನ, ನಿಮಗೆ ಗೊತ್ತಿಲ್ಲದ ಸುದ್ದಿ. ನಿಮ್ಮ ಮೊಮ್ಮಗಳು ಕಾವ್ಯಳಿಗೆ ಡಿ. ಹಿರೇಹಾಳಿನ ಹುಡುಗ ನಿಶ್ಚಯವಾಗಿದ್ದಾನೆ. ಮಾತುಕತೆಯ ದಿನ ಬೀಗರು, "ವರ್ಷ ತುಂಬೂದ್ರಾಗ ಮೊಮ್ಮಗ ಬರ್ಲಿ" ಎಂದರು. ನಿಮ್ಮ ಮಗ ತಾಂಬೂಲದ ತಟ್ಟೆ ಕೆಳಗಿಟ್ಟರು. "ಬೀಗ್ರ, ಅದನ್ನ ನೀವೂ ಹೇಳಬ್ಯಾಡ್ರಿ, ನಾನೂ ಹೇಳಂಗಿಲ್ಲ. ಅದು ಅವರಿಬ್ಬರ ಮಾತು." ಸಂಬಂಧ ಮುರಿಯಿತು ಎಂದೇ ನಾನು ಅಂದುಕೊಂಡೆ. ಆಗ ಆ ಹುಡುಗ, ಅಪ್ಪನ ಕಡೆಗೂ ನೋಡದೆ, ಕಾವ್ಯಳ ಕಡೆ ತಿರುಗಿ ಕೇಳಿದ ಅತ್ತೆವ್ವಾ:

"ನೀ ಏನಂತಿ?"

ನಿಮ್ಮ ಸೊಸೆ,
ಸುಜಾತ