ಖಾಲಿ ಚೀಟಿಯ ಹಿಂದೆ ನಿಂತ ಸಾಲು

ಮುನಿಯಪ್ಪಣ್ಣ,

ನಾನು ಮೈಸೂರು ಬಿಟ್ಟು ಹೊಸೂರಿನ ಈ ಕಾರ್ಖಾನೆಗೆ ಸೇರಿದ ಮೊದಲ ದಿನ ನಿಮಗೆ ನೆನಪಿದೆಯೇ? ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಬೋಲ್ಟಿಗೂ ಸ್ಕ್ರೂಗೂ ವ್ಯತ್ಯಾಸ ತಿಳಿಯದು. ಸ್ಟೋರ್ಸಿನ ಮೇಜಿನ ಮೇಲೆ ಎರಡನ್ನೂ ಇಟ್ಟು, "ಮುಟ್ಟಿ ನೋಡವ್ವಾ, ಓದಿದ್ರೆ ಗೊತ್ತಾಗಾಕಿಲ್ಲ" ಎಂದಿರಿ. ಅಂದು ಸರಕು ಎಣಿಸುವ ದಿನ. ಒಂದು ಸಾಮಾನೂ ಹೊರಗೆ ಹೋಗಿರಲಿಲ್ಲ. ಆದರೂ ಸಂಜೆ, ಕೊಡುವ ಸಾಮಾನಿನ ಪಟ್ಟಿ ಇರಬೇಕಾದ ಚೀಟಿಯಲ್ಲಿ ಏನೂ ಬರೆಯದೆ ಸಹಿ ಹಾಕಿ, ಭಾಗಗಳನ್ನು ಜೋಡಿಸುವ ಅಸೆಂಬ್ಲಿಗೆ ಕಳಿಸಿದಿರಿ. ಖಾಲಿ ಚೀಟಿ ಯಾಕೆ ಎಂದೆ.

"ಇವತ್ತು ಏನೂ ಇಲ್ಲ, ಕಾಯ್ಬ್ಯಾಡಿ ಅಂತ. ಅದೂ ಒಂದು ಮಾತೇ ಕಣವ್ವಾ."

ಕವಿತೆ ಓದುವವಳು ನಾನು. ಸಾಲುಗಳ ನಡುವೆ ಬಿಟ್ಟ ಜಾಗವೂ ಮಾತಾಡುತ್ತದೆಂದು ನನಗೆ ತಿಳಿದಿರಬೇಕಿತ್ತು, ಅಲ್ಲವೇ?

ಎಂಬತ್ತಾರರಲ್ಲಿ ಕಂಪ್ಯೂಟರ್ ಬಂತು, ಚೀಟಿ ಹೋಯಿತು. ಸ್ಟೋರ್ಸಿನಲ್ಲಿ ನೀವು ಟೈಪ್ ಮಾಡಿ ಕಳಿಸಿದ ಸಂದೇಶಗಳನ್ನು ಅಸೆಂಬ್ಲಿಯ ಪ್ರೋಗ್ರಾಂ ಬಂದ ಸಾಲಿನಲ್ಲೇ ಒಂದೊಂದಾಗಿ ಎತ್ತಿಕೊಳ್ಳಬೇಕು. ಎತ್ತಿಕೊಳ್ಳುವ ಭಾಗವನ್ನು ಬರೆದವಳು ನಾನು. ಆ ಪ್ರೋಗ್ರಾಂ ಮೂರು ಸಲ ಸ್ತಬ್ಧವಾಯಿತು. ನಿಮ್ಮ ಸಂದೇಶಗಳು ಹಿಂದೆ ಸಾಲುಗಟ್ಟಿ ನಿಂತವು, ಭಾಗಗಳು ಸಿಗದೆ ಅರ್ಧ ದಿನ ಕೆಲಸ ನಿಂತಿತು. ಮೂರನೆಯ ಸಲ ಅಸೆಂಬ್ಲಿಯ ಸೂಪರ್‌ವೈಸರ್ ಸೆಲ್ವಂ ಎಲ್ಲರೆದುರೇ ಕೇಳಿದ: "ಏನು ಪೆರಿಸು, ವಯಸ್ಸಾಯ್ತಾ? ಬೆರಳು ನಡುಗ್ತದಾ?"

"ಬೆರಳು ನೆಟ್ಟಗೈತೆ ಕಣಪ್ಪಾ. ನಿಮ್ಮ ಪೆಟ್ಟಿಗೆಗೆ ಹಸಿದ ಹೊಟ್ಟೆ ತಡೆಯಾಕಿಲ್ಲ" ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗು ಮುಗಿದ ಮೇಲೆ ನೀವು ನನ್ನ ಬಳಿ ಬಂದಿರಿ. "ಮೂರು ಕಿತಾನೂ ಎಣಿಕೆ ದಿನದ ಮಾರನೇ ಬೆಳಿಗ್ಗೇನೇ ನಿಂತದೆ. ಒಂದ್ಕಿತ ಖಾಲಿ ಚೀಟಿ ಕಳ್ಸಿ ನೋಡವ್ವಾ." ನೋಡುತ್ತೇನೆ ಎಂದೆ. ಆದರೆ ಕೆಲಸ ನಿಂತ ಕಾರಣ ಬರೆಯುವ ರಿಜಿಸ್ಟರಿನಲ್ಲಿ ಆಗಲೇ 'ಮುನಿಯಪ್ಪನವರ ಕೈತಪ್ಪು' ಎಂದು ಬರೆದಾಗಿತ್ತು, ನಾಲ್ಕು ದಿನದಲ್ಲಿ ನಿಮ್ಮನ್ನು ಗೇಟಿಗೆ ಹಾಕಿದರು. ಲಾರಿ ನಂಬರು ಬರೆಯುತ್ತಾ ಕೂತ ನಿಮ್ಮ ಮುಂದೆಯೇ ನಾನು ದಿನಾ ಆಲಸನತ್ತಂನ ನನ್ನ ಮನೆಗೆ ಹೋಗುತ್ತಿದ್ದೆ. ನೀವು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ... ಏನು ಹೇಳುತ್ತಿದ್ದೆ? ಪುರುಸೊತ್ತಿಲ್ಲ ಎಂದೇ? ನನ್ನ ತಪ್ಪೇ ಹೊರಬಿದ್ದೀತು ಎಂಬ ಹೆದರಿಕೆ ಎಂದೇ?

ನೀವು ತೀರಿಕೊಂಡ ಹನ್ನೊಂದನೆಯ ದಿನದ ಊಟ ಮಾಡಿ ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಖಾಲಿ ಸಂದೇಶವೊಂದನ್ನು ಕಳಿಸಿದೆ. ಪ್ರೋಗ್ರಾಂ ನಿಂತಿತು. ಮತ್ತೆ ಚಾಲೂ ಮಾಡಿ ಕಳಿಸಿದೆ. ಮತ್ತೆ ನಿಂತಿತು. ಚೀಟಿಯಲ್ಲಿ ಒಂದಾದರೂ ಸಾಮಾನು ಇದ್ದೇ ಇರುತ್ತದೆಂದು ನಾನು ನಂಬಿ ಬರೆದಿದ್ದೆ; ಇಲ್ಲದಿದ್ದರೆ ಏನು ಮಾಡಬೇಕೆಂದು ಬರೆದೇ ಇರಲಿಲ್ಲ. ನೀವು ಗೇಟಿಗೆ ಹೋದ ಮೇಲೆ ಯಾರೂ ಖಾಲಿ ಸಂದೇಶ ಕಳಿಸದ್ದರಿಂದ ಅದು ಮತ್ತೆ ನಿಂತಿರಲೂ ಇಲ್ಲ. ಕಾಯಬೇಡಿ ಎಂದು ನೀವು ಕಳಿಸಿದ್ದೇ ಎಲ್ಲರನ್ನೂ ಕಾಯಿಸಿತ್ತು. ನೋಡಲು ಹತ್ತು ನಿಮಿಷ ಹಿಡಿಯಿತು, ಅಣ್ಣ. ಹನ್ನೊಂದು ತಿಂಗಳು ನಾನು ಕೊಡದೆ ಹೋದ ಹತ್ತು ನಿಮಿಷ.

ಕಳೆದ ಭಾನುವಾರ ನಿಮ್ಮ ಮನೆಗೆ ಹೋಗಿ ನಿಮ್ಮ ಹೆಂಡತಿಗೆ ಎಲ್ಲ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ಗೊತ್ತಿತ್ತು ಬುಡವ್ವಾ. ಮೇಡಮ್ಮು ನೋಡ್ತೀನಿ ಅಂದವ್ರೆ, ನೋಡ್ತಾರೆ ಅಂತಿದ್ರು. ಕೊನೇಗಂಟ ಅಂತಾನೇ ಇದ್ರು." ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ರಿಜಿಸ್ಟರಿನಲ್ಲಿ ನಿಮ್ಮ ಹೆಸರಿದ್ದ ಮೂರು ಕಡೆಯೂ ಅದನ್ನು ಹೊಡೆದು, ನನ್ನ ಹೆಸರು ಬರೆದು ಸಹಿ ಹಾಕಿದೆ. ಪ್ರೋಗ್ರಾಂ ತಿದ್ದಿದೆ.

ನಿನ್ನೆ ಸರಕು ಎಣಿಸುವ ದಿನವಾಗಿತ್ತು. ಸಂಜೆ ಸ್ಟೋರ್ಸಿನ ಹೊಸ ಹುಡುಗಿಯ ಪಕ್ಕ ನಿಂತು ಖಾಲಿ ಚೀಟಿ ಕಳಿಸಲು ಹೇಳಿದೆ. "ಏನೂ ಇಲ್ದೇ ಯಾಕೆ ಮೇಡಂ?" ಎಂದಳು. ನಿಮ್ಮ ಮಾತನ್ನೇ ಹೇಳಿದೆ. ಯಾರ ಮಾತೆಂದೂ ಹೇಳಿದೆ. ಈ ಬೆಳಿಗ್ಗೆ ಎಂಟಕ್ಕೆ ಅಸೆಂಬ್ಲಿ ಶುರುವಾಯಿತು.