ಹಿಂದಿನ ಸಾಲಿಗೆ ಮೈಕು

ಇಸವಿ ೨೩೧೧, ಫೆಬ್ರವರಿ ಮೂವತ್ತೊಂದು

ಸೆಮಿನಾರನ್ನು ವಿಡಿಯೊ ಪಾಡ್‌ಕಾಸ್ಟ್ ಮಾಡಲು ಕ್ಯಾಮೆರಾ ಹೂಡಿ ನಿಂತಿರುವ ಅಣ್ಣಂದಿರೇ, ಅಕ್ಕಂದಿರೇ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೂ ನಾವು ಸಮಪಾಲು ಕೊಟ್ಟಿದ್ದೇವೆ. ನಮ್ಮ ಕೇರಿಗೆ ಮಾತ್ರ ಇನ್ನೂ ಕೊಟ್ಟಿಲ್ಲ. ಮಾತು ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ, ತಿದ್ದಿ ಬರೆಯಲು ನನಗೆ ಪುರುಸೊತ್ತಿಲ್ಲ.

ನೀವು ತೆಗೆದ ವಿಡಿಯೊಗಳೆಲ್ಲ ಕೂಡಿರುವ ಜಾಗಕ್ಕೆ ನಾವು ಕಾಣ್ಕಣಜ ಅನ್ನುತ್ತೇವೆ. ಅಂಬಲಿ ಕುಡಿಯುತ್ತ ಮಕ್ಕಳು ಗೋಡೆಯ ಮೇಲೆ ನಿಮ್ಮ ಪ್ರೊಫೆಸರುಗಳನ್ನೇ ನೋಡುತ್ತಾರೆ. ಹೊಲದ ಬದುವಿನ ಜಗಳವಿರಲಿ, ಮದುವೆಯ ತಕರಾರಿರಲಿ, ಕಣಜದಲ್ಲಿ ಇದ್ದರೆ ನಡೆದದ್ದು, ಇಲ್ಲದಿದ್ದರೆ ನಡೆದೇ ಇಲ್ಲ. ಹೀಗೆಂದು ತೀರ್ಪು ಕೊಡಲು ಪುರಾವೆ ಮಂಡಳಿ ಕೂತಿದೆ.

ಇವತ್ತು ನಿಮ್ಮ ಸೆಮಿನಾರ್ ಹಾಲ್‌ನಲ್ಲಿ ಒಬ್ಬ ಪ್ರೊಫೆಸರು, ತಮಟೆ ಬಡಿಯುವುದು ಈ ಕೇರಿ ಜನರ ರಕ್ತದಲ್ಲಿರುವ ಆನಂದ ಅನ್ನುತ್ತಾರೆ. ಅದು ಗಂಟೆ ಹೊಡೆದಂತೆ ಕೇಳಿಸುತ್ತದೆ. ಆಗ ಹಿಂದಿನ ಸಾಲಿನಿಂದ ನಮ್ಮ ಮುತ್ತಜ್ಜಿಯ ಮುತ್ತಜ್ಜಿಯ ಮುತ್ತಜ್ಜಿ, ಎಂ.ಎ. ಓದುವ ಮುನಿಲಕ್ಷ್ಮಿ, ಎದ್ದು ನಿಲ್ಲುತ್ತಾಳೆ. ನಿಮ್ಮ ವಿಡಿಯೊದಲ್ಲಿ ಅವಳ ಬಾಯಿ ಆಡುತ್ತದೆ, ದನಿಯಿಲ್ಲ. ಮೈಕು ವೇದಿಕೆ ಬಿಟ್ಟು ಇಳಿದೇ ಇಲ್ಲವಲ್ಲ! ಮುಂದಿನ ಸಾಲಿನಲ್ಲಿ ಯಾರೋ "ಕೂತ್ಕೊಳ್ಳಮ್ಮ, ಅನ್ನ ಆರೋಗುತ್ತೆ" ಅಂದು ನಗುವುದು ಕೇಳಿಸುತ್ತದೆ. "ಸಮಯದ ಅಭಾವ" ಅನ್ನುವ ಅಧ್ಯಕ್ಷರ ಮಾತು ಕೇಳಿಸುತ್ತದೆ. ಅಭಾವದ ನಂತರ ವಂದನಾರ್ಪಣೆ ಮಾತ್ರ ಪೂರ್ತಿ ಇದೆ. ಶಾಮಿಯಾನದವರಿಗೂ, ಹಾರ ತಂದವರಿಗೂ ಥ್ಯಾಂಕ್ಸು.

ತುಟಿಯ ಆಟ ನೋಡಿ ಮಾತು ಹೇಳುವ ಯಂತ್ರ ನಮ್ಮಲ್ಲಿದೆ, ತುಟಿಯೋದುಗ ಅಂತ. ಆದರೆ ಬ ಅಂದರೂ ಮ ಅಂದರೂ ತುಟಿ ಮುಚ್ಚುವುದು ಒಂದೇ ಥರ. ಅವಳು ಅಂದದ್ದು "ನಾವು ಬಡಿಯಲ್ಲ". ನಮ್ಮ ಕೇರಿಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತು ಅದು. ಮಂಡಳಿಯ ಪಂಡಿತರು ಓದಿದ್ದು "ನಾವು ಮಡಿಯಲ್ಲ"! ನೋಡಿ, ನಿಮ್ಮವಳೇ ಒಪ್ಪಿಕೊಂಡಿದ್ದಾಳೆ, ಅಂದರು. ಬಾಯಿಮಾತು ಕಣಜದಲ್ಲಿಲ್ಲ, ನಡೆಯಲ್ಲ, ಪ್ರೊಫೆಸರ ಮಾತು ಇದೆ, ಅಂದರು. ನಾಳಿದ್ದು ಊರಹಬ್ಬಕ್ಕೆ ಕಿಡಿ ಅನ್ನುವ ನನ್ನ ಮಗಳು ಕೊರಳಿಗೆ ತಮಟೆ ಹಾಕಿಕೊಂಡು ಮೆರವಣಿಗೆಯ ಮುಂದೆ ನಡೆಯಬೇಕಂತೆ, ಆನಂದವಾಗಿ. ಅವಳು ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ನಾನು ಹೊಸಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಜ್ಞಾನವನ್ನು ಎಲ್ಲರಿಗೂ ಮುಟ್ಟಿಸುತ್ತೇವೆ ಅಂತ ಬ್ಯಾನರ್ ಕಟ್ಟಿದ್ದೀರಿ. ಮುಟ್ಟಿಸಿ ಸ್ವಾಮಿ, ಬೇಡ ಅಂದವರು ಯಾರು? ವೇದಿಕೆಯದು ಮಾತ್ರ ಜ್ಞಾನ, ಹಿಂದಿನ ಸಾಲಿನದು ಗದ್ದಲ ಅಂತ ನಿಮಗೆ ಹೇಳಿಕೊಟ್ಟವರು ಯಾರು? ಹಾರ ಹಾಕುವುದನ್ನು ಬೇಕಾದರೆ ಕತ್ತರಿಸಿ. ಪ್ರಶ್ನೆಗೆ ಕತ್ತರಿ ಹಾಕಬೇಡಿ.

ಅಗೋ, ನಿಮ್ಮ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ಮುನಿಲಕ್ಷ್ಮಿ ಎದ್ದಳು.

ಮೈಕು ಹಿಂದಕ್ಕೆ ಕೊಡ್ರಪ್ಪಾ!