ಬಗ್ಗಬಾರದ ಬೆರಳು

ಚೆನಾಯಿ,

ಸಾದ್ಜಾ ಮುದ್ದೆ ಮಾಡಿ ಒಲೆಯ ಪಕ್ಕ ಮುಚ್ಚಿಟ್ಟಿದ್ದೇನೆ. ಚಮಚದಲ್ಲೇ ತಿನ್ನು. ಕೈಯಲ್ಲಿ ಉಂಡೆ ಕಟ್ಟಿದರೆ ತೋರುಬೆರಳು ಬಗ್ಗುತ್ತದೆ. ಅದು ಬಗ್ಗಬಾರದು.

ಶನಿವಾರ ನೆಟ್‌ಬಾಲ್ ಚೆಂಡು ಬಡಿದು ಆ ಬೆರಳಿನ ತುದಿ ಜೋತುಬಿತ್ತಲ್ಲ, ಅದು ಬರೀ ಉಳುಕಲ್ಲ. ಆಸ್ಪತ್ರೆಯಲ್ಲಿ ನೀನು ಹೊರಗೆ ಕೂತಿದ್ದಾಗ ನರ್ಸ್ ನನಗೆ ಎಕ್ಸ್‌ರೇ ತೋರಿಸಿ ಹೇಳಿದರು: "ಉಗುರಿನ ಕೆಳಗಿನ ಮೂಳೆ ಇದ್ಯಲ್ಲಮ್ಮ, ಅದರ ಬುಡದಿಂದ ಒಂದು ಚೂರು ಕಿತ್ತು ಬಂದಿದೆ. ಬೆರಳೆತ್ತೋ ಹುರಿ ಅದನ್ನ ಎಳ್ಕೊಂಡು ಹೋಗಿದೆ. ಆರು ವಾರ ನೆಟ್ಟಗಿರ್ಬೇಕು. ಒಂದ್ಸಲ ಬಗ್ಗಿದ್ರೂ ಮತ್ತೆ ಮೊದಲಿಂದ ಎಣಿಸ್ಬೇಕು."

ನಿನಗೆ ನಾನು ಎರಡು ವಾರ ಎಂದೆ. ಬೇಕೆಂದೇ ಹಾಗೆಂದೆ.

ನಮ್ಮ ಗುರು ಮುಕೋರಾ ಅಜ್ಜ ಎಲ್ಲರೆದುರು, "ಎಂಬಿರಾದ ಕಬ್ಬಿಣದ ಕಡ್ಡಿ ಮೀಟಿ ನುಡಿಸೋ ಬೆರಳು ಅಂದ್ರೆ ಚಿಕ್ಕವಳದ್ದು. ದೊಡ್ಡವಳದ್ದು ಪಾತ್ರೆ ತಿಕ್ಕೋ ಬೆರಳು" ಎಂದಾಗ ನೀನೂ ನಕ್ಕೆ. ಅಂದಿನಿಂದ ನಿನ್ನ ಕೈ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆ ತುದಿ ಸೊಟ್ಟಗೇ ಉಳಿಯಲಿ ಎಂದುಕೊಂಡೆ. ನಿನ್ನೆ ನೀನು, "ಅಕ್ಕಾ, ಕಟ್ಟು ಬಿಚ್ಚಿ ಒಂಚೂರು ಮಡಚಿ ನೋಡ್ಲಾ?" ಎಂದು ಕೇಳಿದಾಗಲೂ ನಾನು ಬೇಡ ಎನ್ನಲಿಲ್ಲ. ನೀನೇ ಹೆದರಿ ಬಿಟ್ಟೆ. ರಾತ್ರಿಯೆಲ್ಲ ನನಗೆ ನಿದ್ದೆ ಹತ್ತಲಿಲ್ಲ.

ಕಟ್ಟು ಬದಲಿಸುವಾಗ ಬೆರಳನ್ನು ಮೇಜಿನ ಮೇಲೆ ನೆಟ್ಟಗೆ ಚಾಚಿ ಒತ್ತಿಟ್ಟುಕೊ. ಒಬ್ಬಳೇ ಮಾಡಬೇಡ, ಅಮ್ಮನನ್ನು ಕರೆ.

ಮುರೆವಾ ಊರಿನ ಮದುವೆಯಲ್ಲಿ ನಿನ್ನ ಬದಲು ನುಡಿಸಲು ಹೊರಟಿದ್ದೇನೆ. ಆರು ವಾರ ನಿನ್ನ ಜಾಗ ನನ್ನದು. ಆಮೇಲೆ ಬಂದು ನುಡಿಸಿ ಗೆದ್ದುಕೊ. ಸುಮ್ಮನೆ ಬಿಟ್ಟುಕೊಡುವವಳಲ್ಲ ನಾನು.

ರೆವಾಯಿ